ಚಂದ್ರಗಿರಿಯ ಅಳಿವೆಯ ಊರು

ನೆಗಮಂಗೆ ಕಡಲು ದೂರ. ಆದರೂ ಇಂದು ನಿಮ್ಮನ್ನು ಕಡಲತಡಿಯ ಒಂದು ಸಣ್ಣ ನಗರಕ್ಕೆ, ಕಾಸರಗೋಡಿಗೆ, ಕರೆದೊಯ್ಯುವ ಆಸೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಕಡೆ ಪಯಸ್ವಿನಿ ಎನಿಸಿಕೊಳ್ಳುವ ಹೊಳೆ, ಚಂದ್ರಗಿರಿ ಎಂಬ ಹೆಸರಿನಲ್ಲಿ ಇಲ್ಲಿ ಕಡಲು ಸೇರುತ್ತದೆ. ನೀವು ತಮಿಳಿನಲ್ಲಿ ಮುಗತ್ತುವಾರಂ ಎನ್ನುವುದಕ್ಕೆ ಕನ್ನಡದಲ್ಲಿ ಅಳಿವೆ ಎಂದು ಹೆಸರು. ಹೊಳೆಯ ತೆಂಕು ದಡದಲ್ಲಿ ಕೆಳದಿಯ ನಾಯಕರ ಕಾಲದ ಕೋಟೆ. ಬಡಗು ದಡದಲ್ಲಿ ಟೊಪ್ಪಿ ಹೊಲಿಗೆಗೆ ಹೆಸರಾದ ತಳಂಗರೆ. ಪೇಟೆಯಲ್ಲಿ ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ.

ನಿಮಗೂ ಆ ಊರಿಗೂ ಒಂದು ಹಳೆಯ ನಂಟಿದೆ. ಕೊಯಮತ್ತೂರು ಜಿಲ್ಲೆಯೂ, ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯೂ ಒಂದೇ ಮದರಾಸು ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ಗೆರೆ ಎಳೆದರು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಹೋಯಿತು, ನೀವು ಇದ್ದಲ್ಲೇ ಉಳಿದಿರಿ. ಚಂದ್ರಗಿರಿಯ ಬಡಗು ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು 2015ರಲ್ಲಿ, ನೂರು ವರ್ಷ ತುಂಬಿ, ತೀರಿಕೊಳ್ಳುವ ತನಕವೂ ಆ ಬೇಡಿಕೆಯನ್ನು ಬಿಟ್ಟುಕೊಡಲಿಲ್ಲ.

ಗಡಿಯ ಮಾತು ಹಾಗಿರಲಿ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಕಾಸರಗೋಡಿನ ಮಕ್ಕಳಿಗೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಮನೆಯ ಮಾತು ಓದಿಗೂ ಬರುತ್ತದೆ. ನಿಮ್ಮ ದೇವಾಂಗ ಮನೆಗಳಲ್ಲಿ ಹಲವೆಡೆ ಕನ್ನಡವಿರುವುದು ನಾಲಿಗೆಯ ಮೇಲೆ ಮಾತ್ರ. ಮಗ್ಗದ ಮುಂದೆ ಅಜ್ಜಿ ಆಡುವ ಮಾತು ಮೊಮ್ಮಗಳಿಗೆ ತಿಳಿಯುತ್ತದೆ, ಆದರೆ ಆ ಮಾತನ್ನು ಕಾಗದದ ಮೇಲೆ ಬರೆದುಕೊಟ್ಟರೆ ಓದಲು ಬರುವುದಿಲ್ಲ. ಶಾಲೆಯಿಲ್ಲದೆ ಇಷ್ಟು ತಲೆಮಾರು ಉಳಿಸಿದ್ದೀರಿ, ಅದೇನು ಸಣ್ಣದಲ್ಲ. ಆದರೆ ಬಾಯಿಯೊಂದನ್ನೇ ನಂಬಿದ ಮಾತು ಎಷ್ಟು ದಿನ ಬಂದೀತು?

ಹೇಳಲು ಮರೆಯಬಾರದು: ಅಲ್ಲೂ ಮಗ್ಗಗಳಿವೆ. ನೆಗಮಂ ಸೀರೆಯಂತೆ ಕಾಸರಗೋಡು ಸೀರೆಯೂ ಹತ್ತಿಯದೇ, ಎರಡಕ್ಕೂ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ನೂಲಿನ ಬೆಲೆ, ವಿದ್ಯುತ್ ಮಗ್ಗದ ಪೈಪೋಟಿ, ಈ ಕಸುಬು ಬೇಡವೆನ್ನುವ ಮಕ್ಕಳು, ಮಾತನಾಡಲು ನಿಮಗೂ ಅವರಿಗೂ ಬೇಕಾದಷ್ಟಿದೆ.

ಕೊಯಮತ್ತೂರಿನಿಂದ ಮಂಗಳೂರಿಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲೇ ಕಾಸರಗೋಡು ಸಿಗುತ್ತದೆ. ನಿಲ್ದಾಣಕ್ಕೆ ಸ್ವಲ್ಪ ಮೊದಲು ಸೇತುವೆ ಬರುತ್ತದೆ; ಎಡಗಡೆಯ ಕಿಟಕಿಯಲ್ಲಿ ಕುಳಿತಿರಿ, ಹೊಳೆ ಅಗಲವಾಗಿ ಕಡಲ ಕಡೆಗೆ ತಿರುಗುವುದು ಕಾಣುತ್ತದೆ. ಇಳಿದ ಮೇಲೆ, ತಮಿಳು ಬೆರೆತ ನಿಮ್ಮ ಕನ್ನಡದಲ್ಲೇ ದಾರಿ ಕೇಳಿ.