ಖಾರಾ ಬನ್ನಿನ ನೆನಪು, ಬೋರ್ಡಿನ ಮೇಲಿನ ಹೆಸರು



ಸನ್ನಿವೇಲ್, ಸ್ಯಾಂಟಾ ಕ್ಲಾರಾ, ಫ್ರೀಮಾಂಟ್ ಕಡೆಯ ಕನ್ನಡಿಗರ ಮನೆಗಳಲ್ಲಿ ನಾಲ್ಕು ಜನ ಸೇರಿದ ಸಂಜೆ ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಊರಿನ ತಿಂಡಿಗೆ ಬಂದು ನಿಲ್ಲುತ್ತದೆ. ವೀಸಾ, ಮನೆಯ ಬೆಲೆ, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ಖಾರಾ ಬನ್ನಿನ ಹೆಸರು ತೆಗೆಯುತ್ತಾರೆ. ಮತ್ತೊಬ್ಬರು ದಿಲ್‌ಪಸಂದ್ ಎನ್ನುತ್ತಾರೆ, ಮಗದೊಬ್ಬರು ಹನಿ ಕೇಕ್. ಆಮೇಲೆ ಅರ್ಧ ಗಂಟೆ ಆ ಮನೆ ಬೆಂಗಳೂರಿನ ಒಂದು ಅಡ್ಡರಸ್ತೆಯಾಗಿ ಬಿಡುತ್ತದೆ.

ಇದರಲ್ಲೊಂದು ವಿಚಿತ್ರವಿದೆ. ಎಲ್ ಕಮೀನೋ ರಿಯಲ್ ರಸ್ತೆಯ ಉದ್ದಕ್ಕೂ ದೋಸೆಗೆ ಕೊರತೆಯಿಲ್ಲ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಯಾರದೋ ಸೂಟ್‌ಕೇಸಿನಲ್ಲಿ ಬಂದು ತಲುಪುತ್ತವೆ. ಅವಕ್ಕೆ ಊರಿನ ಹೆಸರಿದೆ, ಡಬ್ಬಿಯಿದೆ, ಉಡುಗೊರೆಯ ಗೌರವವಿದೆ. ಬೇಕರಿಯ ತಿಂಡಿಗೆ ಇದಾವುದೂ ಇಲ್ಲ. ಚಿಲ್ಲರೆ ಕಾಸಿಗೆ ಸಿಗುತ್ತಿದ್ದ, ಹಳೆಯ ದಿನಪತ್ರಿಕೆಯ ತುಂಡಿನಲ್ಲಿ ಕೈಗೆ ಬರುತ್ತಿದ್ದ, ಎರಡನೆಯ ದಿನಕ್ಕೆ ಗಟ್ಟಿಯಾಗುತ್ತಿದ್ದ ಬನ್ನನ್ನು ಹದಿನಾರು ಗಂಟೆ ವಿಮಾನದಲ್ಲಿ ಹೊತ್ತು ತರುವವರಿಲ್ಲ. ಅಗ್ಗದ ತಿಂಡಿ ವಲಸೆ ಹೋಗುವುದಿಲ್ಲ. ಆದ್ದರಿಂದಲೇ ಅದರ ಹಂಬಲ ಹೆಚ್ಚು.

ಕೆಲವರು ಮನೆಯಲ್ಲೇ ಪ್ರಯತ್ನಿಸುತ್ತಾರೆ. ಸಬ್ಬಸಿಗೆ ಇಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ; ಹಸಿಮೆಣಸಿನಕಾಯಿಗೆ ಮೆಕ್ಸಿಕನ್ನರ ಸೆರಾನೊ ಇದೆ; ಈರುಳ್ಳಿ, ಕರಿಬೇವಿಗೂ ತೊಂದರೆಯಿಲ್ಲ. ಬನ್ನು ಉಬ್ಬುತ್ತದೆ, ಕೆಂಪಗಾಗುತ್ತದೆ, ಆದರೆ 'ಅದಲ್ಲ' ಎನ್ನಿಸುತ್ತದೆ. ಕಾರಣ ಬಹುಮಟ್ಟಿಗೆ ಒಲೆಯಲ್ಲಿದೆ. ಹಳೆಯ ಬೇಕರಿಗಳಲ್ಲಿ ಇಟ್ಟಿಗೆಯ ಭಟ್ಟಿಗೆ ಕಟ್ಟಿಗೆ ತುಂಬಿ ಗಂಟೆಗಟ್ಟಲೆ ಉರಿಸಿ, ಕೆಂಡ ಗುಡಿಸಿ ತೆಗೆದು, ಇಟ್ಟಿಗೆ ಹಿಡಿದಿಟ್ಟ ಶಾಖದಲ್ಲೇ ಬೇಯಿಸುತ್ತಿದ್ದರು. ಮೊದಲ ಕಾವು ಬ್ರೆಡ್ಡು ಬನ್ನುಗಳಿಗೆ. ಕಾವು ಇಳಿದಂತೆ ಕೇಕು, ಬೆಣ್ಣೆ ಬಿಸ್ಕತ್ತು. ಕೊನೆಯ ಬೆಚ್ಚಗಿನಲ್ಲಿ ರಾತ್ರಿಯೆಲ್ಲ ಒಣಗುವುದು ರಸ್ಕು. ಒಂದೇ ಬೆಂಕಿಯ ಆಯುಷ್ಯವನ್ನು ಹೀಗೆ ಹಂಚಿ ತಿನ್ನುವ ಈ ಲೆಕ್ಕ, 375 ಡಿಗ್ರಿಗೆ ಗುಂಡಿ ತಿರುಗಿಸಿದರೆ ಕದಲದೆ ನಿಲ್ಲುವ ಅಮೆರಿಕದ ಓವನ್ನಿಗೆ ತಿಳಿಯದು.

ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಬಲ್ಲವನು ಭಟ್ಟಿಯ ಮುಂದೆ ನಿಂತವನು. ಗಾಜಿನ ಕಪಾಟಿನ ಈಚೆ ನಿಂತವರಿಗೆ ಸಂಜೆ ನಾಲ್ಕರ ಬಿಸಿ ಬನ್ನಿನ ವಾಸನೆ ನೆನಪಿದೆ. ಕಪಾಟಿನ ಆಚೆ, ಒಳಕೋಣೆಯಲ್ಲಿ, ಬೆಳಕು ಹರಿಯುವ ಮೊದಲೇ ಎದ್ದು ಮೈದಾ ನಾದಿದ ಹುಡುಗನ ಮುಖ ಯಾರಿಗೂ ನೆನಪಿಲ್ಲ. ನೆನಪಿರುವುದು ಬೋರ್ಡಿನ ಮೇಲಿನ ಹೆಸರು: ಅಯ್ಯಂಗಾರ್ ಬೇಕರಿ.

ಈ ಹೆಸರು ಎಲ್ಲಿಂದ ಬಂತು? 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಕಡೆ ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಅವರು ಆರಂಭಿಸಿದ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ, ಈ ಪರಂಪರೆಯ ಮೊದಲನೆಯದೆನ್ನುತ್ತಾರೆ. ಅವರದು ಮೊದಲು ಸಿಹಿತಿಂಡಿಯ ಅಂಗಡಿ. ಅಲ್ಲಿಗೆ ಬರುತ್ತಿದ್ದ ಒಬ್ಬ ಆಂಗ್ಲ ಗಿರಾಕಿಯಿಂದ ಬ್ರೆಡ್ಡಿನ ವಿದ್ಯೆ ಕಲಿತರೆಂಬುದು ಪ್ರಚಲಿತ ಕಥೆ. ಆಮೇಲೆ ಹಾಸನದ ಹಳ್ಳಿಗಳಿಂದ ನಂಟರು, ನಂಟರ ನಂಟರು ಬಂದರು. ವಿ.ವಿ. ಪುರದ ವಿ.ಬಿ. ಬೇಕರಿ 1953ರದು. ಕಾಲ ಕಳೆದಂತೆ ಈ ಬೋರ್ಡು ಮುಂಬೈ, ಚೆನ್ನೈಗಳಿಗೂ ಹೋಯಿತು.

ಇದು ಸಣ್ಣ ಸಂಗತಿಯಲ್ಲ. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿನ ಸಭೆಯೊಂದರಲ್ಲಿ ಚಹಾ, ಬಿಸ್ಕತ್ತು ಕೊಟ್ಟರೆಂಬ ಕಾರಣಕ್ಕೆ ದೊಡ್ಡ ಗದ್ದಲವಾಯಿತು. ಹಾಜರಿದ್ದ ಬ್ರಾಹ್ಮಣರ ಮೇಲೆ ಧರ್ಮಪೀಠದವರೆಗೂ ದೂರು ಹೋಯಿತು; ರಾನಡೆ, ತಿಲಕರಂಥವರೂ ಪ್ರಾಯಶ್ಚಿತ್ತದ ಸುಳಿಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹುಳಿ ಬರಿಸಿದ ಮೈದಾ, ಮೊಟ್ಟೆಯ ಶಂಕೆ, ಎಲ್ಲಕ್ಕಿಂತ ಹೆಚ್ಚಾಗಿ ಕಿರಿಸ್ತಾನನದೋ ಮುಸಲ್ಮಾನನದೋ ಆದ ಕೈ, ಇವು ಬ್ರೆಡ್ಡನ್ನು ಮೈಲಿಗೆಯ ವಸ್ತುವಾಗಿಸಿದ್ದವು. ಇತ್ತ ಮಲಬಾರಿನ ತಲಶೇರಿಯಲ್ಲಿ ಮಾಂಬಳ್ಳಿ ಬಾಪು 1883ರಲ್ಲೇ ಆಂಗ್ಲ ತೋಟಗಾರನೊಬ್ಬನಿಗಾಗಿ ಕ್ರಿಸ್‌ಮಸ್ ಕೇಕು ಬೇಯಿಸಿದ್ದ. ಕೈಗಳೇನೋ ಇದ್ದವು. ಆ ಕೈಗಳಿಂದ ತಿನ್ನಲು ಮಡಿವಂತರು ಸಿದ್ಧರಿರಲಿಲ್ಲ.

ಅಂಥ ಕಾಲದಲ್ಲಿ ಅಗ್ರಹಾರದ ವೈಷ್ಣವನೊಬ್ಬ ಹಿಟ್ಟಿಗೆ ಯೀಸ್ಟ್ ಬೆರೆಸಿ, ಭಟ್ಟಿ ಹೂಡಿ, ಬೀದಿಯಲ್ಲಿ ಕುಳಿತು ಮಾರಿದ್ದು ಧೈರ್ಯದ ಕೆಲಸ. ಅದನ್ನು ಒಪ್ಪದೆ ಮುಂದೆ ಹೋಗುವುದು ಅನ್ಯಾಯ. ಅಷ್ಟೇ ನಿಜವಾದ ಇನ್ನೊಂದು ಮಾತೆಂದರೆ, ಪುಣೆಯಲ್ಲಿ ಪ್ರಾಯಶ್ಚಿತ್ತ ಬೇಡಿದ ಬಿಸ್ಕತ್ತನ್ನು ಬೆಂಗಳೂರಿನಲ್ಲಿ ಒಂದು ಬೋರ್ಡು ಶುದ್ಧ ಮಾಡಿತು. ಮೊಟ್ಟೆಯಿಲ್ಲ, ಮಾಡಿದವನು ಇಂಥವನು ಎಂದು ಆ ಹೆಸರು ಸಾರುತ್ತಿತ್ತು. ಬದಲಾದದ್ದು ಮೈಲಿಗೆಯ ನಿಯಮವಲ್ಲ, ಬ್ರೆಡ್ಡಿನ ವಿಳಾಸ ಮಾತ್ರ. ಇಂದು ಆ ಹೆಸರಿನ ಅನೇಕ ಬೇಕರಿಗಳನ್ನು ನಡೆಸುವವರು ಅಯ್ಯಂಗಾರರಲ್ಲ. ಆದರೂ ಬೋರ್ಡು ಇಳಿದಿಲ್ಲ. ಜಾತಿಯೊಂದು ಟ್ರೇಡ್‌ಮಾರ್ಕ್ ಆಗಿ ಬಾಡಿಗೆಗೆ ಸಿಗುವುದು ಜಗತ್ತಿನಲ್ಲಿ ಎಷ್ಟು ಕಡೆ ಇದ್ದೀತು!

ಆದರೆ ಬೇಕರಿಯ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಬೇಕರಿಗೆ ಕೋಣೆಯೇ ಇಲ್ಲ, ಪಂಕ್ತಿಯೂ ಇಲ್ಲ. ಅಲ್ಲಿ ಎಲ್ಲರೂ ಬೀದಿಯಲ್ಲಿ ನಿಂತೇ ತಿನ್ನಬೇಕು. ಕಾಲೇಜು ಹುಡುಗ, ಕಾರ್ಪೊರೇಷನ್ ನೌಕರ, ಆಟೋ ಚಾಲಕ ಒಂದೇ ಕಪಾಟಿಗೆ ಮೊಣಕೈ ಊರಿ ಕಾಂಗ್ರೆಸ್ ಕಡಲೆಕಾಯಿ ತಿಂದರು. ಆ ಹೆಸರೂ ಬೀದಿಯದೇ. 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಮಿತಿ ಸೇರಿದಾಗ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ, ವರ್ಷ ಮುಗಿಯುವ ಮೊದಲೇ ಪಕ್ಷ ಎರಡು ಹೋಳಾಯಿತು. ಎರಡು ಹೋಳಾದ ಕಡಲೆಕಾಯಿಗೆ ಗಿರಾಕಿಗಳು ಆ ಹೆಸರಿಟ್ಟರಂತೆ. ಮಡಿಯ ಬೋರ್ಡಿನ ಕೆಳಗೇ ಇಂಥ ಪೋಲಿ ಪ್ರಜಾಪ್ರಭುತ್ವ ಬೆಳೆದದ್ದು ಬೆಂಗಳೂರಿನ ಸೊಗಸು.

ಈಗ ಮತ್ತೆ ಸನ್ನಿವೇಲಿನ ಆ ಸಂಜೆಗೆ ಬರಬೇಕು. ಅಲ್ಲಿನ ನೆನಪಿನ ಪಟ್ಟಿಯಲ್ಲಿ ಫ್ರೇಜರ್ ಟೌನಿನ ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ ಬರುವುದು ಅಪರೂಪ. 1902ರಿಂದ ಇರುವ ಅಂಗಡಿ ಅದು; ಮಧ್ಯಾಹ್ನದ ಮೇಲೆ ಬಾಗಿಲು ತೆರೆಯುತ್ತದೆ, ಖೋವಾ ನಾನ್‌ಗೂ ಮಿದುಳಿನ ಪಫ್‌ಗೂ ಹೆಸರಾಗಿದೆ. ಜ್ವರ ಬಂದಾಗ ಮಾತ್ರ ಬ್ರೆಡ್ಡು ಕಂಡ ಹಳ್ಳಿಯ ಮಕ್ಕಳ ನೆನಪೂ ಆ ಪಟ್ಟಿಯಲ್ಲಿಲ್ಲ. ಸರಕಾರಿ ಆಸ್ಪತ್ರೆಯ ಹಾಸಿಗೆಯ ಪಕ್ಕ ನೆಂಟರು ತಂದಿಟ್ಟ ಪೊಟ್ಟಣ, ಹಾಲಿನಲ್ಲಿ ಅದ್ದಿದ ಒಂದು ತುಂಡು, ಅದನ್ನು ಆಸೆಯಿಂದ ನೋಡುತ್ತ ನಿಂತ ಆರೋಗ್ಯವಂತ ತಮ್ಮ. ಆ ಮಗುವೂ ಓದಿ, ಇಂಜಿನಿಯರಾಗಿ, ಇದೇ ಕಣಿವೆಗೆ ಬಂದಿದ್ದಾನೆ. ಖಾರಾ ಬನ್ನಿನ ಮಾತು ಬಂದಾಗ ಅವನೂ ತಲೆದೂಗುತ್ತಾನೆ. ತನ್ನ ಮನೆಯ ಬಾಡಿನ ಸಾರಿನ ಮಾತನ್ನು ಆ ಸಭೆಯಲ್ಲಿ ಎತ್ತುವುದಿಲ್ಲ.

ಹೊರದೇಶದ ಕನ್ನಡ ಸಮಾರಂಭಗಳ ಊಟ ಬಹುಮಟ್ಟಿಗೆ ಬಾಳೆಯೆಲೆಯ ಸಸ್ಯಾಹಾರವೇ. ಊರಿನಲ್ಲೂ ಪರಿಸ್ಥಿತಿ ಬೇರೆಯಲ್ಲ. 2024ರ ಡಿಸೆಂಬರಿನ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧದ ಸೂಚನೆ ಹೊರಟಾಗ, ಬಾಡೂಟ ಬೇಕೆಂಬ ಕೂಗು ಎದ್ದದ್ದು ಹಸಿವಿಗಾಗಿ ಅಲ್ಲ. ಕನ್ನಡದ ಊಟವೆಂದರೆ ಯಾರ ಊಟ ಎಂಬ ಪ್ರಶ್ನೆ ಅದು.

ಈ ಪ್ರಶ್ನೆ ಕ್ಯಾಲಿಫೋರ್ನಿಯಾಕ್ಕೂ ಬಂದಿದೆ. ಹೇವರ್ಡ್, ಫ್ರೀಮಾಂಟ್ ಪ್ರದೇಶದ ಪ್ರತಿನಿಧಿ ಆಯಿಷಾ ವಹಾಬ್ 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸುವ ಎಸ್‌ಬಿ 403 ಮಸೂದೆ ತಂದರು. ಅದಕ್ಕೂ ಮೊದಲೇ, 2020ರಲ್ಲಿ, ಸಿಸ್ಕೊ ಕಂಪನಿಯ ಮೇಲೆ ರಾಜ್ಯವೇ ಹೂಡಿದ ದಾವೆಯಿಂದ ಜಾತಿ ಎಂಬ ಪದ ಇಲ್ಲಿನ ಪತ್ರಿಕೆಗಳಲ್ಲಿ ಓಡಾಡಿತ್ತು. ಮಸೂದೆ ಎರಡೂ ಸದನ ದಾಟಿತು. ಇರುವ ಕಾನೂನೇ ಸಾಕೆಂದು ಗವರ್ನರ್ ನ್ಯೂಸಮ್ ಅಕ್ಟೋಬರಿನಲ್ಲಿ ತಡೆದರು. ವಿರೋಧಿಸಿದವರಲ್ಲಿ ಅನೇಕರ ವಾದ, ಅಂಥದ್ದು ಇಲ್ಲಿ ಇಲ್ಲ, ಕಾನೂನು ತಂದರೆ ಒಂದು ಸಮುದಾಯದ ಮೇಲೆ ಕಳಂಕ ಬರುತ್ತದೆ ಎಂಬುದಾಗಿತ್ತು. ಬೇಕರಿಯ ಹೆಸರು ಹೇಳುವುದು ಅಪರಾಧವಲ್ಲ. ಆದರೆ ವಿಮಾನ ನಿಲ್ದಾಣದಲ್ಲೇ ಜಾತಿ ಕಳಚಿ ಬಂದೆವೆನ್ನುವವರ ಅತ್ಯಂತ ಸಿಹಿಯಾದ ನೆನಪಿಗೆ ಒಂದು ಜಾತಿಯ ಹೆಸರಿದೆ. ಅದು ಜಾತಿಯ ಹೆಸರೆಂಬುದೇ ಅವರ ಕಿವಿಗೆ ಬೀಳುವುದಿಲ್ಲ. ಮೇಲಿನ ಜಾತಿ ಹೀಗೆ ರುಚಿಯಾಗಿ ಕರಗುತ್ತದೆ, ಕೆಳಗಿನದಕ್ಕೆ ಆ ಅನುಕೂಲವಿಲ್ಲ.

ಹಾಗಾದರೆ ಇಲ್ಲಿ ಖಾರಾ ಬನ್ನು ಸಿಗುವುದೇ ಇಲ್ಲವೇ? ಸಿಗುತ್ತದೆ, ವಾಟ್ಸಾಪ್ ಗುಂಪುಗಳಲ್ಲಿ. ಡಜನ್‌ಗೆ ಇಷ್ಟು, ಶುಕ್ರವಾರ ಸಂಜೆಯೊಳಗೆ ಹೇಳಬೇಕು, ಶನಿವಾರ ಗ್ಯಾರೇಜಿನ ಬಳಿ ಬಂದು ಒಯ್ಯಬೇಕು. ಮಾಡುವವರು ಬಹುತೇಕ ಹೆಂಗಸರು, ಅವರಲ್ಲಿ ಹಲವರು ಗಂಡನ ಕೆಲಸದ ವೀಸಾಗೆ ಜೋತುಬಿದ್ದ ಎಚ್-4 ವೀಸಾದಲ್ಲಿ ಬಂದವರು. ಊರಿನಲ್ಲಿ ಉಪನ್ಯಾಸಕಿಯೋ ಬ್ಯಾಂಕ್ ಅಧಿಕಾರಿಯೋ ಆಗಿದ್ದವರು ಇಲ್ಲಿ ಒಂದು ಡಾಲರ್ ದುಡಿಯುವುದೂ ಕಾನೂನುಬಾಹಿರವಾಗಿತ್ತು. 2015ರ ಮೇ ತಿಂಗಳಿನಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ, ಅಂಥವರಿಗೆ ಕೆಲಸದ ಪರವಾನಗಿ ಸಿಗತೊಡಗಿತು. ಉಳಿದವರಿಗೆ ಇಂದೂ ಇಲ್ಲ. ಬನ್ನಿನ ಬೆಲೆ ಹೆಚ್ಚಾಯಿತೆಂದು ಗುಂಪಿನಲ್ಲಿ ಗೊಣಗುವವರು, ಆ ಓವನ್ನಿನ ಮುಂದೆ ನಿಂತವರು ಕಾದ ವರ್ಷಗಳನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2013ರ ಜನವರಿಯಿಂದ ಮನೆಯ ಅಡುಗೆಮನೆಯಲ್ಲಿ ಮಾಡಿದ ಬ್ರೆಡ್ಡು, ಬಿಸ್ಕತ್ತುಗಳನ್ನು ಮಾರಲು ಕಾನೂನಿನ ಅವಕಾಶವಿದೆ. ಕೆನೆ, ಕಸ್ಟರ್ಡ್, ಮಾಂಸ ತುಂಬಿರಬಾರದು, ಕೌಂಟಿಯಲ್ಲಿ ನೋಂದಾಯಿಸಿರಬೇಕು. ಪ್ರತಿ ಪೊಟ್ಟಣದ ಮೇಲೂ ಚೀಟಿ ಕಡ್ಡಾಯ: ಮಾಡುವವರ ಹೆಸರು, ನೋಂದಣಿ ಸಂಖ್ಯೆ, ಯಾವ ಪದಾರ್ಥ ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮದಲ್ಲಿ ಪಟ್ಟಿ, ಗೋಧಿ, ಹಾಲಿನ ಎಚ್ಚರಿಕೆ. ಎಲ್ಲಕ್ಕೂ ಮೇಲೆ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಇದು ಮನೆಯ ಅಡುಗೆಮನೆಯಲ್ಲಿ ಮಾಡಿದ್ದು ಎಂಬ ಒಂದು ಸಾಲು. ಅಂಥ ಪೊಟ್ಟಣಗಳು ಈಗ ಶನಿವಾರದ ಸಂಜೆಗಳಲ್ಲಿ ಸನ್ನಿವೇಲಿನ ಮೇಜುಗಳ ಮೇಲೆ ಬಂದು ಕೂರುತ್ತವೆ. ಚೀಟಿಯನ್ನು ಹರಿದೇ ಬನ್ನು ತೆಗೆಯಬೇಕಾಗುತ್ತದೆ.