ಒಂದೇ ಮರಳು, ಎರಡು ಥರದ ಗಾಡಿ



ಚಳಿಗಾಲ ಅಂದ್ರೆ ನಮಗೇನು? ಒಂದು ಸ್ವೆಟರ್, ಒಂದು ಮಂಕಿ ಕ್ಯಾಪ್, ಅವರೆಕಾಳು ಸಾರು. ಬೆಂಗಳೂರಿನಲ್ಲಿ ಉಷ್ಣಾಂಶ 14 ಡಿಗ್ರಿಗೆ ಇಳಿದರೆ ಸಾಕು, ನಾವು ಚಾನೆಲ್‌ನವರು ಅದನ್ನೇ ಬ್ರೇಕಿಂಗ್ ನ್ಯೂಸ್ ಮಾಡಿಬಿಡ್ತೀವಿ. ಕೆನಡಾದ ಕ್ಯಾಲ್ಗರಿಯಲ್ಲಿ ಜನವರಿ ತಿಂಗಳು ಮೈನಸ್ 30ಕ್ಕೆ ಹೋದರೂ ಜನ ಹುಬ್ಬೇರಿಸಲ್ಲ. ಆದರೆ ಅಲ್ಲಿನ ಎಷ್ಟೋ ನಿವೃತ್ತರು ಆ ಚಳಿಯಲ್ಲಿ ಕೂತಿರೋದೂ ಇಲ್ಲ. ಮನೆಯನ್ನೇ ಗಾಡಿಗೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಡ್ತಾರೆ. ಹಕ್ಕಿಗಳ ಹಾಗೆ ವಲಸೆ ಹೋಗೋದ್ರಿಂದ ಅವರಿಗೆ 'ಸ್ನೋಬರ್ಡ್ಸ್' ಅಂತಲೇ ಹೆಸರು.

ಕ್ಯಾರವಾನ್ ಅಂದರೆ ಪಿಕಪ್ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ. ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಪುಟ್ಟ ಬಚ್ಚಲು ಎಲ್ಲವೂ ಒಳಗೇ. ಕೀ ತಿರುಗಿಸಿ ಹೊರಟುಬಿಡಬಹುದು ಅಂದುಕೊಂಡಿರಾ? ಇಲ್ಲ. ಮೊದಲ ಶತ್ರು ನೀರು. ಹೆಪ್ಪುಗಟ್ಟಿದ ನೀರು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಅದಕ್ಕೇ ಟ್ಯಾಂಕು ಖಾಲಿ ಮಾಡಿ, ಪೈಪುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ತುಂಬಿಸಿ ಹೊರಡುತ್ತಾರೆ. ಬೆಚ್ಚಗಿನ ಊರು ಸಿಗುವವರೆಗೆ ಕ್ಯಾನ್‌ನಲ್ಲಿ ತಂದ ನೀರೇ ಗತಿ. ಮನೆಯಲ್ಲಿ ನಲ್ಲಿ ಇದೆ, ನೀರಿಲ್ಲ! (ನಮಗೆ ಇದು ಹೊಸದೇನಲ್ಲ ಬಿಡಿ.)

ಎರಡನೆಯದು ರಸ್ತೆ. ಕ್ಯಾಲ್ಗರಿಯಿಂದ ಹೊರಟು ಗಡಿ ದಾಟಿದರೆ ಇಂಟರ್‌ಸ್ಟೇಟ್ 15 ಹೆದ್ದಾರಿ. ಮೊಂಟಾನಾ ಮುಗಿದು ಐಡಹೊ ಶುರುವಾಗುವಲ್ಲಿ ಮೊನೈಡಾ ಕಣಿವೆದಾರಿ, ಎತ್ತರ ಸುಮಾರು 6,800 ಅಡಿ. ಮಂಜುಗಡ್ಡೆ ಕಟ್ಟಿದ ಇಳಿಜಾರಿನಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ, ಹಿಂದಿನ ಮನೆ ಮುಂದಿನ ಗಾಡಿಯನ್ನೇ ತಳ್ಳಿ, ಎರಡೂ ಮಡಿಸುವ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ಹಾಗಾಗಿ ಅನುಭವಸ್ಥರು ಕ್ಯಾಲೆಂಡರ್ ನೋಡಿ ಹೊರಡಲ್ಲ, ಹವಾಮಾನ ನೋಡಿ ಹೊರಡ್ತಾರೆ. ಬುದ್ಧಿವಂತರು ಅಕ್ಟೋಬರ್‌ನಲ್ಲೇ ಜಾಗ ಖಾಲಿ ಮಾಡ್ತಾರೆ. ಮೊಮ್ಮಕ್ಕಳ ಜೊತೆ ಕ್ರಿಸ್‌ಮಸ್ ಮುಗಿಸಿಯೇ ಹೋಗ್ತೀವಿ ಅನ್ನೋ ಅಜ್ಜ-ಅಜ್ಜಿ ಜನವರಿಯ ಹಿಮದಲ್ಲಿ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಓಡಿಸಬೇಕು.

ಸಾಲ್ಟ್ ಲೇಕ್ ಸಿಟಿ, ಲಾಸ್ ವೇಗಸ್ ದಾಟಿ ಅವರು ಬಂದು ಸೇರುವ ಜಾಗಗಳಲ್ಲಿ ಒಂದು, ಅರಿಜೋನಾ ಮರುಭೂಮಿಯ ಕ್ವಾರ್ಟ್‌ಸೈಟ್. ಊರಿನ ಜನಸಂಖ್ಯೆ ಸುಮಾರು ಎರಡೂವರೆ ಸಾವಿರ. ಜನವರಿಯಲ್ಲಿ ಬಂದು ಹೋಗುವವರು ಲಕ್ಷಗಟ್ಟಲೆ! ಕಣ್ಣು ಹಾಯಿಸಿದಷ್ಟೂ ದೂರ ಬಿಳಿ ಗಾಡಿಗಳು. ಇಲ್ಲಿನ ಸ್ಮಶಾನದಲ್ಲಿ ಪಿರಮಿಡ್ ಆಕಾರದ ಒಂದು ಸಮಾಧಿ ಇದೆ, ತುದಿಯಲ್ಲಿ ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯ ಸಾಮಾನು ಹೊರಿಸಲು ಒಂಟೆ ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿಯದು. ಅಮೆರಿಕನ್ನರ ಬಾಯಲ್ಲಿ ಆತ 'ಹೈ ಜಾಲಿ' ಆದ. ಕ್ಯಾರವಾನ್ ಅನ್ನೋ ಮಾತು ಪರ್ಷಿಯನ್ ಭಾಷೆಯದು, ಒಂಟೆ ಸಾಲಿಗೆ ಸೇರಿದ್ದು. ಆ ಗಾಡಿಗಳ ಪಕ್ಕದಲ್ಲೇ ಆತ ಮಲಗಿದ್ದಾನೆ ನೋಡಿ.

ಸರ್ಕಾರದ ಭೂ ಇಲಾಖೆ ಇಲ್ಲಿ ದೀರ್ಘಾವಧಿ ತಂಗುದಾಣ ಮಾಡಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳಿಗೆ ಬಹಳ ವರ್ಷ ಇದ್ದ ಶುಲ್ಕ 180 ಡಾಲರ್. ಕರೆಂಟ್ ಇಲ್ಲ, ಸೋಲಾರ್ ಫಲಕ ನೀವೇ ಹಾಕ್ಕೋಬೇಕು. ಅಮೆರಿಕದ ನಗರಗಳಲ್ಲಿ ಆ ದುಡ್ಡಿಗೆ ಒಂದು ವಾರದ ಬಾಡಿಗೆಯೂ ಆಗಲ್ಲ.

ನಾನು ಹೇಳಬೇಕಾಗಿರೋ ವಿಷಯ ಇಲ್ಲಿದೆ. ಆ ಮರಳಿನ ಮೇಲೆ ಎರಡು ಥರದವರಿದ್ದಾರೆ. ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಒಬ್ಬರು ಊರಲ್ಲಿ ಮನೆಗೆ ಬೀಗ ಹಾಕಿ, ಪಕ್ಕದ ಮನೆಯವರಿಗೆ ಕೀ ಕೊಟ್ಟು ಬಂದವರು. ಇನ್ನೊಬ್ಬರಿಗೆ ಬೀಗ ಹಾಕೋಕೆ ಮನೆಯೇ ಇಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆಯೋ ಕೆಲಸವೋ ಉಳಿತಾಯವೋ ಹೋಯಿತು; ಪಿಂಚಣಿ ಬಾಡಿಗೆಗೆ ಸಾಲಲಿಲ್ಲ; ಹಳೇ ವ್ಯಾನ್ ಕೊಂಡು ಅದರಲ್ಲೇ ಸಂಸಾರ ಹೂಡಿದರು. ಇಂಥವರ ಬಗ್ಗೆ ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಬರೆದರು. ಅದು ಸಿನಿಮಾ ಆಗಿ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ವ್ಯಾನ್‌ನಲ್ಲೇ ಬದುಕುತ್ತಿದ್ದ ಕೆಲವರು ಅದರಲ್ಲಿ ತಾವೇ ನಟಿಸಿದ್ದಾರೆ.

ಇವರ ಚಳಿಗಾಲದ ದಾರಿಯೇ ಬೇರೆ. ಅಮೆಜಾನ್ ಕಂಪನಿ ಇಂಥವರಿಗಾಗಿಯೇ 'ಕ್ಯಾಂಪರ್‌ಫೋರ್ಸ್' ಎಂಬ ಯೋಜನೆ ನಡೆಸುತ್ತಿತ್ತು. ಕ್ರಿಸ್‌ಮಸ್ ಮುಗಿಯುವವರೆಗೆ ಗೋದಾಮಿನಲ್ಲಿ ದುಡಿಮೆ, ಗಾಡಿ ನಿಲ್ಲಿಸುವ ಜಾಗದ ಬಾಡಿಗೆ ಕಂಪನಿಯದು. ಅರವತ್ತು-ಎಪ್ಪತ್ತರ ವಯಸ್ಸಿನವರು ಸ್ವಾಮಿ, ಕಾಂಕ್ರೀಟ್ ನೆಲದ ಮೇಲೆ ಮೈಲಿಗಟ್ಟಲೆ ನಡೀಬೇಕು. ಅದು ಮುಗಿಸಿ ಮರುಭೂಮಿಗೆ ಬರ್ತಾರೆ. ಡ್ರೈವಿಂಗ್ ಲೈಸೆನ್ಸ್‌ಗೆ ವಿಳಾಸ ಬೇಕಲ್ಲ? ಎಷ್ಟೋ ಜನ ದಕ್ಷಿಣ ಡಕೋಟಾ ರಾಜ್ಯಕ್ಕೆ ಹೋಗಿ, ಒಂದು ರಾತ್ರಿ ತಂಗಿದ ರಸೀದಿ, ಟಪಾಲು ಏಜೆನ್ಸಿಯ ವಿಳಾಸ ತೋರಿಸಿ ಆ ರಾಜ್ಯದ 'ನಿವಾಸಿ' ಆಗ್ತಾರೆ.

ಮೊಬೈಲ್‌ನಲ್ಲಿ 'ವ್ಯಾನ್ ಲೈಫ್' ವಿಡಿಯೋ ನೋಡಿ ಆಹಾ ಅನ್ನೋ ನಮ್ಮ ಹುಡುಗರಿಗೆ ಇದು ಕಾಣಲ್ಲ. ಸೂರ್ಯಾಸ್ತ ಕಾಣುತ್ತೆ, ಕಾಫಿ ಕಪ್ಪು ಕಾಣುತ್ತೆ. ನನಗೆ ಆ ಜನರ ಮೇಲೆ ಮರುಕಕ್ಕಿಂತ ಗೌರವ ಹೆಚ್ಚು. ಒಬ್ಬರಿಗೊಬ್ಬರು ಟೈರ್ ಬದಲಾಯಿಸಿಕೊಡ್ತಾರೆ, ಸೋಲಾರ್ ಜೋಡಿಸೋದು ಕಲಿಸ್ತಾರೆ. ಆದರೆ ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ ಜೀವಮಾನವಿಡೀ ದುಡಿದವರ ಮುಪ್ಪು ಪಾರ್ಕಿಂಗ್ ಜಾಗದಲ್ಲಿ ಕಳೆಯೋದನ್ನು ಸ್ವಾತಂತ್ರ್ಯ ಅಂತ ಮಾರಿದರೆ, ನಾನು ಒಪ್ಪಲ್ಲ.

ಏಪ್ರಿಲ್ 15ಕ್ಕೆ ತಂಗುದಾಣದ ಪರವಾನಗಿ ಮುಗಿಯುತ್ತದೆ. ಕ್ಯಾಲ್ಗರಿಯ ದಂಪತಿ ಗಾಡಿ ಉತ್ತರಕ್ಕೆ ತಿರುಗಿಸುತ್ತಾರೆ. ಆ ಇಲಾಖೆಯ ಉಳಿದ ಜಮೀನಿನಲ್ಲಿ ಬಿಟ್ಟಿಯಾಗಿ ತಂಗಬಹುದು, ಸಾಮಾನ್ಯವಾಗಿ ಒಂದು ಕಡೆ 14 ದಿನ ಮಾತ್ರ. ಪಕ್ಕದ ಹಳೇ ವ್ಯಾನಿನವರು ಆಗ ನಕ್ಷೆ ತೆಗೀತಾರೆ.