ಪಾದದ ಸಂಧಿವಾತ: ಬರೀ ವಾಯು ಅಲ್ಲ



ಬೆಳಿಗ್ಗೆ ಎದ್ದು ಕಾಲೂರಿದರೆ ಹರಳುಕಲ್ಲಿನ ಮೇಲೆ ನಿಂತಂತಾಗುತ್ತದೆ ಎಂದು ಅನೇಕರು ಹೇಳುತ್ತಾರೆ. ಎರಡೂ ಪಾದಗಳ ಬೆರಳ ಬುಡದಲ್ಲಿ ಇಂಥ ನೋವು, ಊತ ಇದ್ದು, ಬೆಳಗಿನ ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ವಾಯುವೆಂದು ಬದನೆಕಾಯಿ, ಆಲೂಗಡ್ಡೆ ಬಿಟ್ಟು ವರ್ಷಗಟ್ಟಲೆ ಕೂರುವವರಿದ್ದಾರೆ. ಪಾಪ, ಬದನೆಕಾಯಿಯ ತಪ್ಪೇನೂ ಇಲ್ಲ. ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಆ ಪೊರೆ ಊದಿ ಎಲುಬನ್ನು ಸವೆಸುತ್ತದೆ. ಕಾಲಕ್ರಮೇಣ ಬೆರಳು ಸೊಟ್ಟಗಾಗುತ್ತವೆ, ಹಿಮ್ಮಡಿ ಹೊರಕ್ಕೆ ವಾಲುತ್ತದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ನೋವಿನ ಗುಳಿಗೆ ನೋವನ್ನಷ್ಟೇ ತಗ್ಗಿಸುತ್ತದೆ, ಸವೆತವನ್ನು ತಡೆಯುವುದಿಲ್ಲ. ತಡೆಯಲು ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಜೊತೆಗಿರುವವರು ಇದನ್ನು ಕಿವಿಗೊಟ್ಟು ಕೇಳಬೇಕು: ಈ ಗುಳಿಗೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ವೈದ್ಯರು ಹೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಓದು ಬಾರದ ಅಜ್ಜಿಗೆ ನೀವೇ ಎಣಿಸಿ ಕೈಗೆ ಕೊಡಿ. ಗುಣ ಕಾಣಲು 6ರಿಂದ 12 ವಾರ ಬೇಕು. ಕೆಲಸ ಮಾಡಲಿಲ್ಲವೆಂದು ನಡುವೆ ಬಿಡಬೇಡಿ. ರಕ್ತ ಪರೀಕ್ಷೆ ತಪ್ಪಿಸಬೇಡಿ. ಜ್ವರ, ಬಾಯಿಹುಣ್ಣು ಬಂದರೆ ಕೂಡಲೇ ಬನ್ನಿ. ಬಸಿರಿನ ವಿಚಾರವಿರುವ ಹೆಣ್ಣುಮಕ್ಕಳು ಸಂಕೋಚಪಡದೆ ಮೊದಲೇ ತಿಳಿಸಿ. ಬಸಿರಿನಲ್ಲಿ ಈ ಔಷಧಿ ಕೂಡದು.

ಚಪ್ಪಲಿಯ ಮುಂಭಾಗ ಅಗಲವಾಗಿರಲಿ, ಅಟ್ಟೆ ಮೆತ್ತಗಿರಲಿ, ಹಿಮ್ಮಡಿಗೆ ಪಟ್ಟಿ ಇರಲಿ. ಮನೆಯೊಳಗೆ ಬೇರೆ ಜೋಡು ಇಟ್ಟುಕೊಳ್ಳಿ. ಅಂಗಾಲಿನಲ್ಲಿ ಆಣಿ, ಗಾಯ ಕಂಡರೆ ಬ್ಲೇಡಿನಿಂದ ಕೆರೆಯದೆ ನಮಗೆ ತೋರಿಸಿ.